ದೂರ, ಮಾರ್ಗ, ಕಾಲ: ಲಂಡನ್–ಮುಂಬಯಿ ಪ್ರಯಾಣದ ಚರಿತ್ರೆ

ಎರಡು ನಗರಗಳ ನಡುವೆ ಎಷ್ಟು ದೂರವೆಂದು ಕೇಳಿದರೆ ಅದಕ್ಕೆ ಒಂದೇ ಉತ್ತರವಿರಬೇಕೆಂದು ಸಾಮಾನ್ಯವಾಗಿ ಎಲ್ಲರೂ ಭಾವಿಸುತ್ತಾರೆ. ವಿಚಾರಿಸಿ ನೋಡಿದರೆ ಈ ಒಂದು ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳು ಅಡಗಿವೆ. ಭೂಗೋಳದ ಮೇಲೆ ಆ ಎರಡು ಬಿಂದುಗಳಿಗಿರುವ ಅತ್ಯಲ್ಪವಾದ ಅಂತರವೆಷ್ಟು ಎಂಬುದು ಮೊದಲನೆಯದು. ಮನುಷ್ಯನು ನಿಜವಾಗಿ ಕ್ರಮಿಸಬೇಕಾದ ದಾರಿ ಎಷ್ಟು ಉದ್ದ ಎಂಬುದು ಎರಡನೆಯದು. ಅದಕ್ಕೆ ಹಿಡಿಯುವ ಕಾಲವೆಷ್ಟು ಎಂಬುದು ಮೂರನೆಯದು. ಮೊದಲನೆಯದು ದೂರ, ಎರಡನೆಯದು ಮಾರ್ಗ, ಮೂರನೆಯದು ಗಮನಕಾಲ. ಈ ಮೂರನ್ನೂ ಒಂದೆಂದೇ ಭಾವಿಸುವುದರಿಂದ ಪ್ರಾಚೀನ ಗ್ರಂಥಗಳ ಅರ್ಥದಲ್ಲಿಯೂ ಆಧುನಿಕ ಚರಿತ್ರೆಯ ಅರ್ಥದಲ್ಲಿಯೂ ಅನೇಕ ಭ್ರಾಂತಿಗಳು ಹುಟ್ಟಿವೆ. ವಿಮಾನವು ದೂರವನ್ನು ಅಳಿಸಿಹಾಕಿತೆಂಬ ಮಾತು ಅವುಗಳಲ್ಲೊಂದು. ನಾಲ್ಕು ಶತಮಾನಗಳಿಂದ ಹೋಗಿಬರುವ ದಾರಿಯುಳ್ಳ ಲಂಡನ್ ಮತ್ತು ಮುಂಬಯಿ ನಗರಗಳ ಉದಾಹರಣೆಯಿಂದ ಈ ಮಾತಿನಲ್ಲಿರುವ ಸತ್ಯವೆಷ್ಟು ಎಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ದೇಶಾಂತರ ಮತ್ತು ಯೋಜನ

ದೂರಕ್ಕೂ ಕಾಲಕ್ಕೂ ಸಂಬಂಧವನ್ನು ಕಲ್ಪಿಸುವುದು ಹೊಸ ಪದ್ಧತಿಯೇನೂ ಅಲ್ಲ. ನಮ್ಮ ದೇಶದ ಸಿದ್ಧಾಂತಗ್ರಂಥಗಳಲ್ಲಿ ‘ದೇಶಾಂತರ’ವೆಂಬ ಸಂಸ್ಕಾರವು ಪ್ರಸಿದ್ಧವಾಗಿದೆ. ಲಂಕೆ, ಉಜ್ಜಯಿನಿ, ಕುರುಕ್ಷೇತ್ರ, ಮೇರು ಇವುಗಳ ಮೇಲೆ ಹಾಯ್ದುಹೋಗುವ ರೇಖೆಯನ್ನು ಮಧ್ಯರೇಖೆಯೆಂದು ಇಟ್ಟುಕೊಂಡು, ಅದಕ್ಕೆ ಪೂರ್ವದಲ್ಲಿಯೋ ಪಶ್ಚಿಮದಲ್ಲಿಯೋ ಇರುವ ಊರಿಗೆ ಗ್ರಹಗಣಿತವನ್ನು ಸರಿಹೊಂದಿಸುವುದೇ ಈ ಸಂಸ್ಕಾರದ ಪ್ರಯೋಜನ. ಇಲ್ಲಿ ಲಂಕೆಯೆಂದರೆ ನಿರಕ್ಷದೇಶದಲ್ಲಿ, ಎಂದರೆ ಭೂಮಧ್ಯವೃತ್ತದ ಮೇಲೆ, ಕಲ್ಪಿಸಿಕೊಂಡ ಒಂದು ಸ್ಥಾನವೇ ಹೊರತು ಇಂದಿನ ಸಿಂಹಳದ್ವೀಪವಲ್ಲ. ದೇಶಾಂತರವನ್ನು ಕಂಡುಹಿಡಿಯುವುದಕ್ಕೆ ಸೂರ್ಯಸಿದ್ಧಾಂತವು ಹೇಳುವ ಉಪಾಯವು ಚಂದ್ರಗ್ರಹಣ. ಗ್ರಹಣವು ಭೂಮಿಯ ನೆರಳಿನಿಂದ ಉಂಟಾಗತಕ್ಕದ್ದಾದುದರಿಂದ ಅದು ಕಾಣುವ ಎಲ್ಲ ಊರುಗಳಲ್ಲಿಯೂ ಏಕಕಾಲದಲ್ಲಿಯೇ ಕಾಣುತ್ತದೆ. ಮಧ್ಯರೇಖೆಗೆ ಗಣಿತದಿಂದ ಬಂದ ಕಾಲಕ್ಕೂ ತನ್ನ ಊರಿನಲ್ಲಿ ಕಂಡ ಕಾಲಕ್ಕೂ ಎಷ್ಟು ಘಟಿಗಳ ವ್ಯತ್ಯಾಸವುಂಟೋ ಅಷ್ಟೇ ಆ ಊರಿನ ದೇಶಾಂತರ. ಗಡಿಯಾರವಾಗಲಿ ತಂತಿಯಾಗಲಿ ಇಲ್ಲದ ಕಾಲದಲ್ಲಿ ಇಷ್ಟು ಶುದ್ಧವಾದ ಉಪಾಯವನ್ನು ನಿರೂಪಿಸಿದುದು ಪ್ರಶಂಸನೀಯವೇ ಸರಿ.

ಅರುವತ್ತು ಘಟಿಗಳಿಗೆ ಭೂಗೋಳವು ಒಂದು ಸುತ್ತು ತಿರುಗುವುದರಿಂದ ಒಂದು ಘಟಿಗೆ ಆರು ಅಂಶಗಳು ಸಲ್ಲುತ್ತವೆ. ಗ್ರೀನಿಚ್ಚಿನಿಂದ ಮುಂಬಯಿಯು ಪೂರ್ವಕ್ಕೆ ಸುಮಾರು ೭೨ ಅಂಶ ೫೦ ಕಲೆಗಳಷ್ಟು ದೂರದಲ್ಲಿದೆ. ಇದನ್ನು ಕಾಲವಾಗಿ ಮಾರ್ಪಡಿಸಿದರೆ ೧೨ ಘಟಿ ೮ ವಿಘಟಿ, ಇಂದಿನ ಮಾನದಲ್ಲಿ ೪ ಗಂಟೆ ೫೧ ನಿಮಿಷ ಆಗುತ್ತದೆ. ಇದು ಕೇವಲ ಗ್ರಂಥಸ್ಥವಾದ ಲೆಕ್ಕವಲ್ಲ. ೧೯೦೬ರ ಜನವರಿ ೧ರಿಂದ ಇಂಡಿಯಾ ದೇಶಕ್ಕೆಲ್ಲ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಾದ ಒಂದೇ ಕಾಲಮಾನವು ಗೊತ್ತಾದ ಮೇಲೆಯೂ ಮುಂಬಯಿ ನಗರವು ೪ ಗಂಟೆ ೫೧ ನಿಮಿಷಗಳ ತನ್ನ ಸ್ವಂತ ಕಾಲವನ್ನು ಬಿಟ್ಟುಕೊಡಲಿಲ್ಲ. ೧೯೫೫ರವರೆಗೆ ಅದನ್ನು ಉಳಿಸಿಕೊಂಡಿತ್ತು. ಸಿದ್ಧಾಂತಿಯ ದೇಶಾಂತರವೇ ಆ ನಗರದ ಗಡಿಯಾರಗಳಲ್ಲಿ ಅಷ್ಟು ವರ್ಷ ನಡೆಯುತ್ತಿತ್ತೆಂದು ಹೇಳಬಹುದು.

ಘಟಿಗಳ ಲೆಕ್ಕವು ಹೀಗೆ ನಿಸ್ಸಂದಿಗ್ಧವಾಗಿದ್ದರೂ ಯೋಜನಗಳ ಲೆಕ್ಕವು ಹಾಗಿಲ್ಲ. ಆರ್ಯಭಟನು ಕ್ರಿ. ಶ. ೪೯೯ರ ತನ್ನ ಗ್ರಂಥದಲ್ಲಿ ಭೂವ್ಯಾಸವನ್ನು ೧,೦೫೦ ಯೋಜನವೆಂದು ಹೇಳಿದ್ದಾನೆ. ಸೂರ್ಯಸಿದ್ಧಾಂತದ ಪ್ರಕಾರ ಅದು ೧,೬೦೦ ಯೋಜನ. ಭಾಸ್ಕರಾಚಾರ್ಯನು ೧೧೫೦ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯಲ್ಲಿ ಭೂಪರಿಧಿಯನ್ನು ೪,೯೬೭ ಯೋಜನವೆಂದು ಕೊಟ್ಟಿದ್ದಾನೆ. ಈ ಮೂವರೂ ಅಳೆದುದು ಒಂದೇ ಭೂಮಿಯನ್ನು. ಬೇರೆಯಾದುದು ಯೋಜನದ ಮಾನ. ಇಂದು ನಿರ್ಣಯವಾಗಿರುವ ಭೂಪರಿಧಿಯನ್ನು ಸುಮಾರು ೪೦,೦೭೫ ಕಿಲೋಮೀಟರು ಎಂದಿಟ್ಟುಕೊಂಡು ಭಾಗಿಸಿದರೆ ಆರ್ಯಭಟನ ಯೋಜನವು ಹನ್ನೆರಡು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಭಾಸ್ಕರನದು ಎಂಟು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಸೂರ್ಯಸಿದ್ಧಾಂತದ್ದು ಎಂಟಕ್ಕೆ ಸ್ವಲ್ಪ ಕಡಿಮೆ ಎಂದು ಬರುತ್ತದೆ. ಲಂಡನ್–ಮುಂಬಯಿಗಳ ಅಂತರವನ್ನು ಆರ್ಯಭಟನ ಮಾನದಿಂದ ಹೇಳಿದರೆ ಸುಮಾರು ೫೯೦ ಯೋಜನಗಳು. ಭಾಸ್ಕರನ ಮಾನದಿಂದ ಹೇಳಿದರೆ ಸುಮಾರು ೮೯೦ ಯೋಜನಗಳು. ಆದಕಾರಣ ಇತಿಹಾಸಪುರಾಣಗಳಲ್ಲಿ ಬರುವ ಯೋಜನಸಂಖ್ಯೆಗಳನ್ನು ಒಂದೇ ಗುಣಕದಿಂದ ಗುಣಿಸಿ, ಇಂದಿನ ಭೂಪಟದ ಮೇಲೆ ಇಟ್ಟು, ಸರಿಬಂದರೆ ಹಿಗ್ಗುವುದೂ ತಪ್ಪಿದರೆ ಗ್ರಂಥಕಾರನನ್ನು ಹಳಿಯುವುದೂ ಎರಡೂ ಯುಕ್ತವಲ್ಲ. ಆ ಯೋಜನವು ಯಾರ ಮಾನವೆಂಬುದನ್ನು ಮೊದಲು ನಿರ್ಣಯಿಸತಕ್ಕದ್ದು.

೨. ಮಹಾವೃತ್ತದ ದಾರಿ

ಗೋಳದ ಮೇಲಿನ ಎರಡು ಬಿಂದುಗಳಿಗೆ ಅತ್ಯಲ್ಪವಾದ ಅಂತರವು ಅವೆರಡನ್ನೂ ಹಾಯುವ ಮಹಾವೃತ್ತದ ಖಂಡ. ಗೋಳಗಣಿತವನ್ನು ಬಲ್ಲವರಿಗೆ ಇದು ವಿದಿತವೇ. ಲಂಡನ್–ಮುಂಬಯಿಗಳಿಗೆ ಇದನ್ನು ಅನ್ವಯಿಸಿದರೆ ಸುಮಾರು ೬೫ ಅಂಶಗಳ ಚಾಪವೂ, ಅದಕ್ಕೆ ಸುಮಾರು ೭,೨೦೦ ಕಿಲೋಮೀಟರುಗಳ ದೂರವೂ ಬರುತ್ತವೆ. ಸಮತಲವಾದ ಭೂಪಟವನ್ನು ನೋಡುವವನಿಗೆ ಮುಂಬಯಿಯು ಲಂಡನ್ನಿಗೆ ಆಗ್ನೇಯದಲ್ಲಿದೆಯೆಂದು ತೋರುತ್ತದೆ. ಆದರೆ ಮಹಾವೃತ್ತದ ದಾರಿಯು ಲಂಡನ್ನಿನಿಂದ ನೇರವಾಗಿ ಪೂರ್ವಕ್ಕೆ ಹೊರಟು, ಜರ್ಮನಿಯನ್ನು ದಾಟಿ, ಕಪ್ಪುಸಮುದ್ರದ ಈಶಾನ್ಯದ ಅಂಚನ್ನು ಮುಟ್ಟಿ, ಕಾಕಸಸ್ ಪರ್ವತಗಳನ್ನು ಹಾಯ್ದು, ಕಾಸ್ಪಿಯನ್ ಸಮುದ್ರದ ದಕ್ಷಿಣಭಾಗದ ಮೇಲಿಂದ ಇರಾನನ್ನು ಹೊಕ್ಕು, ಕರಾಚಿಯ ಹತ್ತಿರದಲ್ಲಿ ಅರಬ್ಬೀ ಸಮುದ್ರದ ತೀರಕ್ಕೆ ಬಂದು ಮುಂಬಯಿಯನ್ನು ಸೇರುತ್ತದೆ. ಕರಾಚಿಯ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಎರಡು ಸಲ ಬರುತ್ತದೆ.

ಈ ೭,೨೦೦ ಕಿಲೋಮೀಟರುಗಳೇ ದೂರ. ಇದು ಹಿಂದೆಯೂ ಇಷ್ಟೇ, ಇಂದೂ ಇಷ್ಟೇ. ಮಾರ್ಪಟ್ಟುದು ಮಾರ್ಗ ಮತ್ತು ಗಮನಕಾಲ.

೩. ಕಡಲ ದಾರಿ

ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿಯ ಹೆಕ್ಟರ್ ಎಂಬ ಹಡಗು ವಿಲಿಯಂ ಹಾಕಿನ್ಸನನ್ನು ಹೊತ್ತು ೧೬೦೭ರ ವಸಂತದಲ್ಲಿ ಇಂಗ್ಲೆಂಡನ್ನು ಬಿಟ್ಟು, ೧೬೦೮ರ ಆಗಸ್ಟಿನಲ್ಲಿ ಸೂರತ್ತಿನ ರೇವನ್ನು ಸೇರಿತು. ಒಂದು ವರ್ಷಕ್ಕೂ ಮೀರಿದ ಪ್ರಯಾಣವದು. ೧೬೬೧ರ ವಿವಾಹಸಂಧಾನದಿಂದ ಪೋರ್ತುಗಲ್ಲಿನ ರಾಜಪುತ್ರಿಯ ಬಳುವಳಿಯಾಗಿ ಇಂಗ್ಲೆಂಡಿನ ಅರಸನಿಗೆ ಬಂದ ಮುಂಬಯಿಯು ೧೬೬೮ರಲ್ಲಿ ಕಂಪೆನಿಯ ಕೈಸೇರಿದ ತರುವಾಯ ಈ ದಾರಿಯು ನಿತ್ಯದ ದಾರಿಯಾಯಿತು. ಆಫ್ರಿಕದ ದಕ್ಷಿಣದ ಭೂಶಿರವನ್ನು ಬಳಸಿಬರುವ ಈ ಮಾರ್ಗವು ಸುಮಾರು ೨೦,೦೦೦ ಕಿಲೋಮೀಟರು ಉದ್ದವಾದುದು, ಎಂದರೆ ನಿಜವಾದ ದೂರದ ಎರಡೂಮುಕ್ಕಾಲರಷ್ಟು. ಹದಿನೆಂಟನೆಯ ಶತಮಾನದಲ್ಲಿ ಒಳ್ಳೆಯ ಹಾಯಿಹಡಗಿಗೆ ಐದಾರು ತಿಂಗಳು ಹಿಡಿಯುತ್ತಿತ್ತು. ಮುಂಗಾರಿನ ಗಾಳಿಯು ಯಾವ ತಿಂಗಳಲ್ಲಿ ಯಾವ ಕಡೆಗೆ ಬೀಸುವುದೋ ಅದನ್ನನುಸರಿಸಿಯೇ ಹಡಗು ಹೊರಡಬೇಕು; ಆ ಋತು ತಪ್ಪಿದರೆ ಕಾದಿರಬೇಕು. ಹೀಗಾಗಿ ಒಂದು ಪತ್ರಕ್ಕೆ ಉತ್ತರ ಬರುವುದು ವರುಷದ ಮಾತಾಗಿತ್ತು. ಲಂಡನ್ನಿನ ಆಜ್ಞೆಯು ಮುಂಬಯಿಗೆ ಮುಟ್ಟುವಷ್ಟರಲ್ಲಿ ಆ ಆಜ್ಞೆಗೆ ಕಾರಣವಾದ ಸಂಗತಿಯೇ ಕಳೆದುಹೋಗಿರುತ್ತಿತ್ತು. ಕಂಪೆನಿಯ ಅಧಿಕಾರಿಗಳು ಈ ದೇಶದಲ್ಲಿ ತಮ್ಮಿಷ್ಟದಂತೆ ನಡೆದುಕೊಂಡುದಕ್ಕೆ ಈ ಗಮನಕಾಲವೂ ಒಂದು ಕಾರಣವೆಂಬುದನ್ನು ಚರಿತ್ರಕಾರರು ಮರೆಯಬಾರದು.

ಮೆಡಿಟರೇನಿಯನ್ನಿಗೂ ಕೆಂಪುಸಮುದ್ರಕ್ಕೂ ನಡುವೆ ಅಡ್ಡಬಿದ್ದಿದ್ದ ಈಜಿಪ್ಟಿನ ಭೂಸಂಧಿಯನ್ನು ನೆಲದ ಮೇಲೆ ದಾಟಿ ಮಾರ್ಗವನ್ನು ಕಿರಿದು ಮಾಡುವ ಯತ್ನವು ಉಗಿಹಡಗಿನೊಡನೆ ಆರಂಭವಾಯಿತು. ಮುಂಬಯಿಯಲ್ಲಿಯೇ ಕಟ್ಟಲ್ಪಟ್ಟ ಹ್ಯೂ ಲಿಂಡ್ಸೆ ಎಂಬ ಉಗಿಹಡಗು ೧೮೩೦ರ ಮಾರ್ಚ್ ೨೦ರಂದು ಅಲ್ಲಿಂದ ಹೊರಟು, ನಡುನಡುವೆ ಕಲ್ಲಿದ್ದಲಿಗಾಗಿ ನಿಲ್ಲುತ್ತ, ತಿಂಗಳಿಗೆ ಸ್ವಲ್ಪ ಹೆಚ್ಚು ಕಾಲದಲ್ಲಿ ಸುಯೆಜ್ ರೇವನ್ನು ಮುಟ್ಟಿತು. ಗಾಳಿಯ ಅಪ್ಪಣೆಯಿಲ್ಲದೆ ಹಡಗು ನಡೆಯಬಲ್ಲುದೆಂದು ಇದರಿಂದ ಸಿದ್ಧವಾಯಿತು. ಆದರೆ ಗಾಳಿಯ ಅಧೀನತೆ ತಪ್ಪಿದೊಡನೆ ಕಲ್ಲಿದ್ದಲಿನ ಅಧೀನತೆ ಬಂದಿತು. ೧೮೩೯ರ ಜನವರಿಯಲ್ಲಿ ಬ್ರಿಟಿಷರು ಏಡನ್ನನ್ನು ವಶಪಡಿಸಿಕೊಂಡುದಕ್ಕೆ ಕಲ್ಲಿದ್ದಲನ್ನು ಕೂಡಿಡಲು ದಾರಿಯಲ್ಲಿ ಒಂದು ನೆಲೆ ಬೇಕಾಗಿದ್ದುದು ಒಂದು ಮುಖ್ಯ ಕಾರಣ.

೧೮೬೯ರ ನವೆಂಬರ್ ೧೭ರಂದು ಸುಯೆಜ್ ಕಾಲುವೆಯು ತೆರೆದ ಮೇಲೆ ಮಾರ್ಗವು ಸುಮಾರು ೧೧,೬೦೦ ಕಿಲೋಮೀಟರಿಗೆ ಇಳಿಯಿತು. ಮರುವರ್ಷ ಕಡಲತಳದ ತಂತಿಯು ಮುಂಬಯಿಯನ್ನು ಇಂಗ್ಲೆಂಡಿನೊಡನೆ ಕೂಡಿಸಿತು. ಜೂಲ್ಸ್ ವರ್ನನ ಪ್ರಸಿದ್ಧವಾದ ಎಂಬತ್ತು ದಿನಗಳ ಭೂಪ್ರದಕ್ಷಿಣೆಯ ಕಥೆಯು ಈ ಬದಲಾವಣೆಗಳ ಫಲವೇ. ಅದರ ನಾಯಕನ ಲೆಕ್ಕದಲ್ಲಿ ಲಂಡನ್ನಿನಿಂದ ಸುಯೆಜ್ಜಿಗೆ ಏಳು ದಿನ, ಅಲ್ಲಿಂದ ಮುಂಬಯಿಗೆ ಹದಿಮೂರು ದಿನ, ಒಟ್ಟು ಇಪ್ಪತ್ತು ದಿನಗಳು. ಕಥೆಯು ಕಲ್ಪಿತವಾದರೂ ಈ ದಿನಗಳ ಲೆಕ್ಕವು ಆ ಕಾಲದ ಉಗಿಹಡಗು–ರೈಲುಗಳ ವೇಳೆಯನ್ನನುಸರಿಸಿದುದು.

೪. ಆಕಾಶದ ದಾರಿ

ವಿಮಾನದಲ್ಲಿ ಟಪ್ಪಾಲನ್ನು ಒಯ್ಯುವ ಪದ್ಧತಿಯು ಭಾರತದಲ್ಲಿ ಬಹು ಮುಂಚೆಯೇ ಮೊದಲಾಯಿತು. ೧೯೧೧ರ ಫೆಬ್ರವರಿ ೧೮ರಂದು ಹೆನ್ರಿ ಪೆಕೆ ಎಂಬ ಫ್ರೆಂಚ್ ವೈಮಾನಿಕನು ಅಲಹಾಬಾದಿನಿಂದ ಯಮುನೆಯಾಚೆಯ ನೈನಿಗೆ ಸುಮಾರು ೬,೫೦೦ ಪತ್ರಗಳನ್ನು ಒಯ್ದನು. ಅಂತರವು ಸುಮಾರು ಹತ್ತು ಕಿಲೋಮೀಟರು ಮಾತ್ರ. ಮೊದಲನೆಯ ಮಹಾಯುದ್ಧವು ಮುಗಿದೊಡನೆಯೇ, ೧೯೧೮ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಿಂದ ಹೊರಟ ಒಂದು ದೊಡ್ಡ ಹ್ಯಾಂಡ್ಲಿ ಪೇಜ್ ವಿಮಾನವು ೧೯೧೯ರ ಜನವರಿಯ ನಡುವೆ ಕರಾಚಿಯನ್ನು ಮುಟ್ಟಿತು. ಇಂಗ್ಲೆಂಡಿನಿಂದ ಈ ದೇಶಕ್ಕೆ ಹಾರಿಬರುವುದು ಸಾಧ್ಯವೆಂಬುದು ಹೀಗೆ ನಿಶ್ಚಯವಾಯಿತು. ಆದರೆ ಅದಕ್ಕೆ ಹಿಡಿದ ಕಾಲವು ಉಗಿಹಡಗಿನ ಕಾಲಕ್ಕಿಂತ ಕಡಿಮೆಯೇನೂ ಆಗಿರಲಿಲ್ಲ.

ಇಂಪೀರಿಯಲ್ ಏರ್‌ವೇಸ್ ಎಂಬ ಕಂಪೆನಿಯು ೧೯೨೯ರ ಮಾರ್ಚ್ ೩೦ರಂದು ಲಂಡನ್ನಿನ ಕ್ರಾಯ್ಡನ್ನಿನಿಂದ ಕರಾಚಿಗೆ ನಿಯತವಾದ ಸಂಚಾರವನ್ನು ಆರಂಭಿಸಿತು. ಆ ಪ್ರಯಾಣದ ಕ್ರಮವನ್ನು ಗಮನಿಸಬೇಕು. ಕ್ರಾಯ್ಡನ್ನಿನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ವರೆಗೆ ವಿಮಾನ. ಅಲ್ಲಿಂದ ಆಲ್ಪ್ಸ್ ಪರ್ವತಗಳ ಆಚೆಯ ಜಿನೋವಕ್ಕೆ ರೈಲು. ಜಿನೋವದಿಂದ ಅಲೆಕ್ಸಾಂಡ್ರಿಯಕ್ಕೆ ನೀರಿನ ಮೇಲೆ ಇಳಿಯುವ ವಿಮಾನ. ಅಲ್ಲಿಂದ ಕೈರೋ ನಗರಕ್ಕೆ ಮತ್ತೆ ರೈಲು. ಕೈರೋದಿಂದ ಕರಾಚಿಗೆ ಮೂರು ಎಂಜಿನುಗಳ ನೆಲವಿಮಾನ. ಒಟ್ಟು ಏಳು ದಿನಗಳು, ದರವು ೧೩೦ ಪೌಂಡುಗಳು. ಇದನ್ನು ವಿಮಾನಪ್ರಯಾಣವೆನ್ನುವುದಕ್ಕಿಂತ ವಿಮಾನಗಳನ್ನೂ ರೈಲುಗಳನ್ನೂ ಹೆಣೆದ ಒಂದು ಸರಣಿಯೆನ್ನುವುದು ಹೆಚ್ಚು ಯುಕ್ತ.

ಕರಾಚಿಯಿಂದ ದಕ್ಷಿಣಕ್ಕೆ ಈ ಸರಣಿಯನ್ನು ಮುಂದುವರಿಸಿದವರು ಟಾಟಾ ಸಂಸ್ಥೆಯವರು. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಒಂಟಿ ಎಂಜಿನಿನ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಯ ಜುಹುವಿಗೆ ಟಪ್ಪಾಲನ್ನು ತಂದರು. ಅಲ್ಲಿಂದ ಅವರ ಜೊತೆಗಾರರಾದ ನೆವಿಲ್ ವಿನ್ಸೆಂಟರು ಅದನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದು, ೧೯೫೩ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಬಳ್ಳಾರಿಯು ಹೀಗೆ ಲಂಡನ್–ಮದರಾಸು ವಿಮಾನಟಪ್ಪಾಲಿನ ದಾರಿಯಲ್ಲಿ ಒಂದು ನೆಲೆಯಾಗಿತ್ತೆಂಬುದು ಕನ್ನಡ ನಾಡಿನ ಚರಿತ್ರೆಯಲ್ಲಿ ಸ್ಮರಣೀಯವಾದ ಸಂಗತಿ. ಅಹಮದಾಬಾದಿನಲ್ಲಿ ವಿಮಾನಕ್ಕೆ ಬೇಕಾದ ಪೆಟ್ರೋಲು ಎತ್ತಿನ ಗಾಡಿಯಲ್ಲಿ ಬಂದಿತ್ತು. ಮಳೆಗಾಲದಲ್ಲಿ ಜುಹುವಿನ ನೆಲವು ನೀರಿನಿಂದ ತುಂಬಿ ಇಳಿಯಲು ಬಾರದಾದಾಗ ವಿಮಾನಗಳು ಪುಣೆಯನ್ನು ಆಶ್ರಯಿಸಬೇಕಾಗುತ್ತಿತ್ತು. ಮುಂಗಾರನ್ನು ಗೆದ್ದೆವೆಂದು ಉಗಿಹಡಗಿನವರು ಹೇಳಿ ನೂರು ವರುಷಗಳಾದ ಮೇಲೂ ಮುಂಗಾರು ತನ್ನ ಪಾಲನ್ನು ಕೇಳುತ್ತಲೇ ಇತ್ತು.

೧೯೪೮ರ ಜೂನ್ ೮ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆಯ ‘ಮಲಬಾರ್ ಪ್ರಿನ್ಸೆಸ್’ ಎಂಬ ಕಾನ್ಸ್ಟೆಲೇಷನ್ ವಿಮಾನವು ಮುಂಬಯಿಯಿಂದ ಹೊರಟು, ಕೈರೋ, ಜಿನೀವಗಳಲ್ಲಿ ನಿಂತು, ಜೂನ್ ೧೦ರಂದು ಲಂಡನ್ನನ್ನು ಸೇರಿತು. ವಾರಗಳ ಲೆಕ್ಕವು ಗಂಟೆಗಳ ಲೆಕ್ಕಕ್ಕೆ ಇಳಿಯಿತು. ಆದರೆ ಅದೇ ವಿಮಾನವು ೧೯೫೦ರ ನವೆಂಬರ್ ೩ರಂದು ಜಿನೀವಕ್ಕೆ ಇಳಿಯುವ ಮುನ್ನ ಮೌಂಟ್ ಬ್ಲಾಂಕ್ ಪರ್ವತಕ್ಕೆ ಬಡಿದು, ಅದರಲ್ಲಿದ್ದ ೪೮ ಜನರೂ ಮೃತರಾದರು. ೧೯೨೯ರಲ್ಲಿ ಪ್ರಯಾಣಿಕರು ರೈಲಿನಿಂದ ದಾಟಿದ ಪರ್ವತಶ್ರೇಣಿಯೇ ಇದು. ವೇಗವು ಪರ್ವತವನ್ನು ತಗ್ಗಿಸಲಿಲ್ಲ. ಅದನ್ನು ಇನ್ನೂ ಎತ್ತರದಲ್ಲಿ ದಾಟುವ ಹೊಣೆಯನ್ನು ಮಾತ್ರ ತಂದಿತು. ೧೯೬೦ರಲ್ಲಿ ಜೆಟ್ ಎಂಜಿನುಗಳ ಬೋಯಿಂಗ್ ೭೦೭ ವಿಮಾನಗಳು ಈ ದಾರಿಗೆ ಬಂದ ಮೇಲೆ ಆ ಎತ್ತರವೂ, ಗಂಟೆಗೆ ಸುಮಾರು ೯೦೦ ಕಿಲೋಮೀಟರುಗಳ ವೇಗವೂ ಸಿದ್ಧಿಸಿದುವು.

೫. ಆಕಾಶದ ಒಡೆಯರು

ಗಂಟೆಗೆ ೯೦೦ ಕಿಲೋಮೀಟರು ವೇಗದಿಂದ ೭,೨೦೦ ಕಿಲೋಮೀಟರು ದೂರವನ್ನು ಕ್ರಮಿಸಲು ಎಂಟು ಗಂಟೆ ಸಾಕು. ಆದರೆ ನಡುವೆ ಎಲ್ಲಿಯೂ ಇಳಿಯದೆ ಹೋಗುವ ವಿಮಾನವೂ ಲಂಡನ್ನಿನಿಂದ ಮುಂಬಯಿಗೆ ಸುಮಾರು ಒಂಬತ್ತು ಗಂಟೆಗಳನ್ನೂ, ಮುಂಬಯಿಯಿಂದ ಲಂಡನ್ನಿಗೆ ಸುಮಾರು ಹತ್ತು ಗಂಟೆಗಳನ್ನೂ ತೆಗೆದುಕೊಳ್ಳುತ್ತದೆ. ಹೋಗುವುದಕ್ಕೂ ಬರುವುದಕ್ಕೂ ಇರುವ ಭೇದಕ್ಕೆ ಕಾರಣವು ಗಾಳಿ. ಹತ್ತು ಕಿಲೋಮೀಟರು ಎತ್ತರದ ಸುಮಾರಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಪ್ರಬಲವಾದ ವಾಯುಪ್ರವಾಹಗಳು ಪೂರ್ವಾಭಿಮುಖವಾದ ವಿಮಾನವನ್ನು ನೂಕುತ್ತವೆ, ಪಶ್ಚಿಮಾಭಿಮುಖವಾದುದನ್ನು ತಡೆಯುತ್ತವೆ. ಹಾಯಿಹಡಗಿನ ನಾವಿಕನಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಉಳಿದ ಕಾಲವು ಏರುವುದಕ್ಕೆ, ಇಳಿಯುವುದಕ್ಕೆ, ಮತ್ತು ಮಹಾವೃತ್ತವನ್ನು ಬಿಟ್ಟು ಬಳಸಿಹೋಗುವುದಕ್ಕೆ ಸಲ್ಲುತ್ತದೆ.

ಬಳಸಿಹೋಗುವುದೇಕೆಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ತೀರದಿಂದ ದೂರವಾದ ಮಹಾಸಮುದ್ರಕ್ಕೆ ಒಡೆಯರಿಲ್ಲ, ಆಕಾಶಕ್ಕೆ ಒಡೆಯರುಂಟು. ಪ್ರತಿಯೊಂದು ರಾಜ್ಯಕ್ಕೂ ತನ್ನ ನೆಲದ ಮೇಲಣ ಆಕಾಶದಲ್ಲಿ ಪೂರ್ಣವಾದ ಪ್ರಭುತ್ವವಿದೆಯೆಂದು ೧೯೧೯ರ ಪ್ಯಾರಿಸ್ ಒಪ್ಪಂದವೂ, ೧೯೪೪ರ ಡಿಸೆಂಬರಿನ ಷಿಕಾಗೋ ಒಪ್ಪಂದವೂ ಸಾರಿವೆ. ಆದುದರಿಂದ ವಿಮಾನದ ಮಾರ್ಗವು ಮಧ್ಯದ ದೇಶಗಳ ಸಮ್ಮತಿಯನ್ನು ಅವಲಂಬಿಸಿದುದು. ಇಂಪೀರಿಯಲ್ ಏರ್‌ವೇಸಿನ ವಿಮಾನಗಳು ಮೊದಲು ಪರ್ಷಿಯದ ಕರಾವಳಿಯನ್ನು ಹಿಡಿದು ಬರುತ್ತಿದ್ದುವು. ೧೯೩೨ರಲ್ಲಿ ಪರ್ಷಿಯದ ಸಮ್ಮತಿಯು ಮುಗಿದುದರಿಂದ ಕೊಲ್ಲಿಯ ಆಚೆಯ ಅರಬ್ಬರ ತೀರಕ್ಕೆ ದಾರಿಯು ಸರಿಯಿತು. ಷಾರ್ಜಾದ ಮರಳುಗಾಡಿನಲ್ಲಿ ತಂಗುದಾಣವೂ ಇಳಿದಾಣವೂ ಹುಟ್ಟಿದುವು. ಇದಕ್ಕೆ ಹೋಲುವ ಸಂಗತಿಯು ಕಡಲ ದಾರಿಯಲ್ಲಿಯೂ ನಡೆಯಿತು. ೧೯೬೭ರ ಜೂನ್ ತಿಂಗಳ ಯುದ್ಧದಿಂದ ಮುಚ್ಚಿಹೋದ ಸುಯೆಜ್ ಕಾಲುವೆಯು ೧೯೭೫ರ ಜೂನಿನವರೆಗೆ ತೆರೆಯಲಿಲ್ಲ. ಆ ಎಂಟು ವರ್ಷಗಳ ಕಾಲ ಲಂಡನ್ನಿನಿಂದ ಮುಂಬಯಿಗೆ ಬರುವ ಹಡಗುಗಳು ಹಾಕಿನ್ಸನು ಬಂದ ದಾರಿಯಲ್ಲಿಯೇ ಆಫ್ರಿಕವನ್ನು ಬಳಸಿ ಬರಬೇಕಾಯಿತು.

ಕರಾಚಿಯ ವಿಷಯವು ಇನ್ನೂ ಗಮನಾರ್ಹ. ೧೯೨೯ರಲ್ಲಿ ಭಾರತಕ್ಕೆ ಆಕಾಶದ ಬಾಗಿಲಾಗಿದ್ದ ಆ ನಗರವು ಮಹಾವೃತ್ತದ ದಾರಿಯ ಮೇಲೆಯೇ ಇದೆಯೆಂದು ಮೊದಲೇ ಹೇಳಿದೆ. ೧೯೪೭ರ ವಿಭಾಗದಿಂದ ಅದು ಬೇರೆ ದೇಶದ ನಗರವಾಯಿತು. ೨೦೧೯ರ ಫೆಬ್ರವರಿ ೨೭ರಂದು ಪಾಕಿಸ್ತಾನವು ತನ್ನ ಆಕಾಶವನ್ನು ಮುಚ್ಚಿತು. ಭಾರತದ ಸಂಚಾರಕ್ಕೆ ಅದನ್ನು ಪೂರ್ಣವಾಗಿ ತೆರೆದುದು ಜುಲೈ ೧೬ರಂದು. ಮತ್ತೆ ೨೦೨೫ರ ಏಪ್ರಿಲ್ ೨೪ರಂದು ಭಾರತದ ವಿಮಾನಸಂಸ್ಥೆಗಳಿಗೆ ಅದನ್ನು ಮುಚ್ಚಿತು. ಏಪ್ರಿಲ್ ತಿಂಗಳ ಕೊನೆಯಲ್ಲಿ ಭಾರತವೂ ಪಾಕಿಸ್ತಾನದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಅಂತಹ ಕಾಲದಲ್ಲಿ ಮುಂಬಯಿಯಿಂದ ಲಂಡನ್ನಿಗೆ ಹೋಗುವ ಭಾರತದ ವಿಮಾನವು ವಾಯವ್ಯದ ಹತ್ತಿರದ ದಾರಿಯನ್ನು ಬಿಟ್ಟು, ಅರಬ್ಬೀ ಸಮುದ್ರದ ಮೇಲಿಂದ ಪಶ್ಚಿಮಕ್ಕೆ ಸರಿದು ಹೋಗಬೇಕು. ದಿಲ್ಲಿಯಿಂದ ಹೊರಡುವ ವಿಮಾನಕ್ಕಂತೂ ಬಳಸು ಇನ್ನೂ ಹೆಚ್ಚು. ೨೦೧೯ರ ಆ ಕೆಲವು ತಿಂಗಳುಗಳಲ್ಲಿ ಏರ್ ಇಂಡಿಯಾ ಸಂಸ್ಥೆಯೊಂದಕ್ಕೇ ೪೯೧ ಕೋಟಿ ರೂಪಾಯಿಗಳ ನಷ್ಟವಾಯಿತೆಂದು ಭಾರತ ಸರಕಾರವು ರಾಜ್ಯಸಭೆಗೆ ತಿಳಿಸಿತು. ಭೂಮಿಯು ಒಂದು ಅಂಗುಲವಾದರೂ ಹಿಗ್ಗಲಿಲ್ಲ. ಎಂಜಿನಿನ ಬಲವು ಕುಗ್ಗಲಿಲ್ಲ. ಆದರೂ ಎರಡು ನಗರಗಳು ಒಂದಕ್ಕೊಂದು ದೂರವಾದುವು.

೬. ಉಪಸಂಹಾರ

ಮೇಲೆ ನಿರೂಪಿಸಿದ ಸಂಗತಿಗಳಿಂದ ಸಿದ್ಧವಾಗುವುದಿಷ್ಟು. ನಾಲ್ಕು ಶತಮಾನಗಳಲ್ಲಿ ಗಮನಕಾಲವು ವರ್ಷದಿಂದ ಗಂಟೆಗಳಿಗೆ ಇಳಿದಿದೆ. ಇದರಲ್ಲಿ ವೇಗದ ಪಾಲೇ ಹೆಚ್ಚೆಂಬುದು ಸತ್ಯ. ಮಾರ್ಗದ ಉದ್ದವು ಇಳಿದುದು ಮೂರು ಪಾಲಿಗಿಂತಲೂ ಕಡಿಮೆ. ಆದರೆ ಗಳಿಸಿದ ವೇಗವು ಕೈಬಿಟ್ಟು ಹೋಗತಕ್ಕದ್ದಲ್ಲ. ಕಿರಿದಾದ ಮಾರ್ಗವು ಮಾತ್ರ ಯಾವ ದಿನವಾದರೂ ಹಿರಿದಾಗಬಹುದು. ವೇಗವು ಶಿಲ್ಪಿಗಳ ಸಂಪಾದನೆ, ಮಾರ್ಗವು ನೆರೆಹೊರೆಯ ರಾಜ್ಯಗಳ ಸೌಹಾರ್ದದ ಸಂಪಾದನೆ. ವಿಮಾನವು ದೂರವನ್ನು ಅಳಿಸಿತೆನ್ನುವವರು ಮೊದಲನೆಯದನ್ನು ಕಂಡು ಎರಡನೆಯದನ್ನು ಮರೆತವರು.

ಸಾಹಿತ್ಯವನ್ನು ಬೋಧಿಸುವವರಿಗೂ ಈ ವಿವೇಕದಿಂದ ಪ್ರಯೋಜನವುಂಟು. ಮೇಘದೂತದಲ್ಲಿ ಯಕ್ಷನು, ಉತ್ತರಕ್ಕೆ ಹೊರಟ ಮೇಘಕ್ಕೆ ಉಜ್ಜಯಿನಿಯು ಬಳಸುದಾರಿಯೆಂದು ತಿಳಿದಿದ್ದೂ ಆ ನಗರವನ್ನು ನೋಡದೆ ಹೋಗಬಾರದೆಂದು ಹೇಳುತ್ತಾನೆ. ಅಲ್ಲಿ ದೂರವೊಂದು, ಮಾರ್ಗವೊಂದು. ಮಾರ್ಗವನ್ನು ಬಾಗಿಸಿದುದು ಪ್ರೀತಿ. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಪುಷ್ಪಕವು ಲಂಕೆಯಿಂದ ಅಯೋಧ್ಯೆಗೆ ಬರುವಾಗ ಕವಿಯು ಯೋಜನಗಳನ್ನು ಎಣಿಸುತ್ತ ಕೂರುವುದಿಲ್ಲ. ಸೀತೆಯನ್ನು ಅಗಲಿ ರಾಮನು ಅಲೆದ ದಾರಿಯನ್ನೇ ಮೇಲಿನಿಂದ ಒಂದೊಂದಾಗಿ ತೋರಿಸುತ್ತಾನೆ. ಈ ಸ್ಥಳಗಳಲ್ಲಿ ಪುಷ್ಪಕದ ವೇಗವನ್ನು ಲೆಕ್ಕಹಾಕಿ ಪ್ರಾಚೀನರ ವಿಮಾನವಿದ್ಯೆಯನ್ನು ಸಾಧಿಸಹೊರಡುವವರು ಗಣಿತಕ್ಕೂ ಕಾವ್ಯಕ್ಕೂ ಏಕಕಾಲದಲ್ಲಿ ಅನ್ಯಾಯವನ್ನು ಮಾಡುತ್ತಾರೆ. ನಮ್ಮ ಪೂರ್ವಿಕರ ನಿಜವಾದ ಕೀರ್ತಿಯು ಬೇರೆಡೆಯಲ್ಲಿದೆ. ನೆಲದ ಮೇಲೆಯೇ ನಿಂತು, ಚಂದ್ರನ ಮೇಲೆ ಬಿದ್ದ ಭೂಮಿಯ ನೆರಳನ್ನು ನೋಡಿ, ತಾವೆಂದೂ ಹೋಗದ ಊರು ಎಷ್ಟು ಪೂರ್ವಕ್ಕೋ ಪಶ್ಚಿಮಕ್ಕೋ ಇದೆಯೆಂಬುದನ್ನು ಘಟಿಗಳಲ್ಲಿ ಹೇಳಬಲ್ಲ ಉಪಾಯವನ್ನು ಅವರು ಕಂಡುಕೊಂಡರು. ಆ ದೇಶಾಂತರಕ್ಕೆ ಗಾಳಿಯ ಅನುಕೂಲವಾಗಲಿ ಅರಸರ ಅಪ್ಪಣೆಯಾಗಲಿ ಬೇಕಾಗಿರಲಿಲ್ಲ.